ಅಲ್ಲದ ಪುಡಿ

1997ರ ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾನು ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಕಡೆಯ ಒಂದು ಮೆಡಿಕಲ್ ಅಂಗಡಿಯ ಮುಂದೆ ನಿಂತಿದ್ದೆ. ಮುಂದೆ ಎಂದರೆ ಹೊರಗೆ. ಗಿರಾಕಿಗಳು ನಿಲ್ಲುವ ಕಡೆ, ಕೌಂಟರಿನ ಬಲತುದಿಗೆ, ತೂಕ ನೋಡುವ ಯಂತ್ರದ ಪಕ್ಕದಲ್ಲಿ. ಕೌಂಟರಿನ ಒಳಗೆ ಇದ್ದವರು ಇಸ್ಮಾಯಿಲ್ ಒಬ್ಬರೇ. ಇದನ್ನು ಮೊದಲಿಗೇ ಬರೆಯುತ್ತಿದ್ದೇನೆ. ಏಕೆಂದರೆ ಆಮೇಲೆ ಊರಲ್ಲಿ ಹಬ್ಬಿದ ಮಾತಿನಲ್ಲಿ ನಾನು ಒಳಗಿದ್ದೆ, ಡಬ್ಬಿಯನ್ನು ಕೈಯಾರೆ ಕೊಟ್ಟೆ, ಅದರಲ್ಲಿ ಏನಿದೆ ಎಂದು ಬಾಯಿ ಬಿಡಲಿಲ್ಲ ಎಂದಾಯಿತು. ಡಬ್ಬಿಯನ್ನು ನಾನು ಮುಟ್ಟಲಿಲ್ಲ. ಬಾಯಿ ಬಿಟ್ಟಿದ್ದೆ.

ನಾನು ಔಷಧ ಕಂಪನಿಯ ಎಂ.ಆರ್., ಎಂದರೆ ಮೆಡಿಕಲ್ ರೆಪ್ರೆಸೆಂಟೇಟಿವ್ ಆಗಿದ್ದೆ. ಹೆಸರು ಮಾರುತಿ. ಹುಟ್ಟಿದ್ದು ಮನ್ನಾಏಖೇಳ್ಳಿಯ ಹತ್ತಿರದ ಹಳ್ಳಿ. ನಾವು ಬೌದ್ಧರು. ಹೆಂಡತಿ ಬೀದರಿನ ಶಾಲೆಯೊಂದರಲ್ಲಿ ಟೀಚರ್. ನಾನು ಹುಮನಾಬಾದಿನಲ್ಲಿ ಒಂದು ಖೋಲಿ ಹಿಡಿದು, ವಾರವೆಲ್ಲ ಬಸವಕಲ್ಯಾಣ, ಚಿಟಗುಪ್ಪ, ಮುಡಬಿ ಎಂದು ತಿರುಗಿ, ಶನಿವಾರ ಸಂಜೆ ಬೀದರಿನ ಬಸ್ಸು ಹತ್ತುತ್ತಿದ್ದೆ. ಕಂಪನಿಯ ಮುಖ್ಯ ಮಾಲು ಪ್ರೋಟೀನ್ ಪುಡಿ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಟಾರ್ಗೆಟ್ ಬಗ್ಗೆ ಕೇಳುತ್ತಾರೆ, ಪ್ರಮೋಷನ್ ಬಗ್ಗೆ ಕೇಳುತ್ತಾರೆ. ಕಾಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಈ ಕೆಲಸದ ಬಹುಪಾಲು ಕಾಯುವುದೇ. ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಜ್ವರದವರು, ಗಾಯದವರು, ಬಸುರಿಯರು, ಅವರ ಜತೆಗೆ ಬಂದವರು ಕೂತಿರುತ್ತಾರೆ. ಕಾಯಿಲೆಯೂ ಇಲ್ಲದೆ, ಕಾಯಿಲೆಯವರ ಕಡೆಯವನೂ ಅಲ್ಲದೆ ಅಲ್ಲಿ ಕೂತವನು ನಾನೊಬ್ಬನೇ. ಜನ ಚೀಲ ನೋಡಿ ಸರಿದು ಜಾಗ ಕೊಡುತ್ತಿದ್ದರು, ಮಾತು ಕೊಡುತ್ತಿರಲಿಲ್ಲ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ನಾನು ಆಡಿದ ಮಾತೆಲ್ಲ ಕಂಪನಿ ಬಾಯಿಪಾಠ ಮಾಡಿಸಿದ್ದೇ.

ಸೇರಿದ ಮೊದಲ ವರ್ಷ ನನಗೆ ಪಾಠ ಹೇಳಿದವರು ನಮ್ಮ ಏರಿಯಾ ಮ್ಯಾನೇಜರ್ ದೇಸಾಯಿ ಸಾಹೇಬರು, ಹುಬ್ಬಳ್ಳಿ ಕಡೆಯವರು. ನಾನು ಅಂಗಡಿಯೊಂದರಲ್ಲಿ ಪ್ರೋಟೀನ್ ದೇಹದೊಳಗೆ ಏನೇನು ಕೆಲಸ ಮಾಡುತ್ತದೆ ಎಂದು ಪುಸ್ತಕದಲ್ಲಿದ್ದಂತೆ ಹೇಳುತ್ತಿದ್ದೆ: ಗಾಯ ಕೂಡಿಸುತ್ತದೆ, ರಕ್ತದ ನೀರು ನಾಳದಿಂದ ಹೊರಗೆ ಸೋರದಂತೆ ಹಿಡಿಯುತ್ತದೆ, ರೋಗದ ವಿರುದ್ಧ ನಿಲ್ಲುತ್ತದೆ. ಸಾಹೇಬರು ಹೊರಗೆ ಕರೆದರು.

"ಮಾರುತಿ, ಸಾಲಿ ಮಾಸ್ತರಿಕಿ ನಿನ್ನ ಹೆಂಡ್ತಿ ಮಾಡಾಕತ್ತಾಳಲ್ಲ, ನಿನಗ್ಯಾಕ? ಈ ಸೀಮ್ಯಾಗ ಒಂದಾ ಮಾತು. ತಾಕತ್. ಅಷ್ಟು ಅಂದು ಸುಮ್ಮನಾಗು."

ಅವರು ಹೇಳಿದ್ದು ಸರಿಯಾಗಿತ್ತು. ಡಬ್ಬಿಯ ಮೇಲಿನ ಹೆಸರು ಯಾರಿಗೂ ಬೇಕಿರಲಿಲ್ಲ. "ತಾಕತ್ತಿನ ಡಬ್ಬಿ ಕೊಡ್ರಿ" ಎನ್ನುತ್ತಿದ್ದರು. ಕೆಲವೇ ವರ್ಷಗಳಲ್ಲಿ ಕಾಯಿಲೆಯವರನ್ನು ನೋಡಲು ಹೋಗುವವರು ಬಿಸ್ಕೀಟು, ಮೋಸಂಬಿ ಬಿಟ್ಟು ಡಬ್ಬಿ ಒಯ್ಯತೊಡಗಿದರು. ಅದು ಮರ್ಯಾದೆಯ ವಸ್ತುವಾಯಿತು. ಮನ್ನಾಏಖೇಳ್ಳಿಯ ಒಂದು ಮನೆಯಲ್ಲಿ ಅಂಥ ಡಬ್ಬಿಗಳನ್ನು ಟಿ.ವಿ. ಮೇಲೆ ಸಾಲಾಗಿ ಇಟ್ಟಿದ್ದರು. ಒಂದನ್ನೂ ಒಡೆದಿರಲಿಲ್ಲ. ಮುಂದಿನ ಕಾಯಿಲೆಯವರ ಮನೆಗೆ ಅವೇ ಹೋಗುತ್ತಿದ್ದವು.

ಎಲ್ಲರೂ ಹಾಗೆ ಒಪ್ಪಿದರೆಂದಲ್ಲ. ಚಿಟಗುಪ್ಪದಲ್ಲಿ ಒಬ್ಬ ಹಿರಿಯ ಡಾಕ್ಟರರಿದ್ದರು. ನಾನು ಕಂಪನಿ ಕೊಟ್ಟ ಚಿತ್ರದ ಹಾಳೆ ತಿರುಗಿಸಿ ಮುಗಿಸುವವರೆಗೂ ಶಾಂತವಾಗಿ ಕೇಳಿ, ಮೇಜಿನ ಖಾನೆಯಿಂದ ಹುರಿದ ಶೇಂಗಾ ತೆಗೆದು ನನ್ನ ಅಂಗೈಗೆ ಹಾಕಿದರು.

"ನೀವು ನಿಮ್ಮ ಸ್ಯಾಂಪಲ್ ಕೊಟ್ಟೀರಿ. ಇದು ನಂದು. ಹ್ಯಾಂಗದ ಹೇಳ್ರಿ."

"ಚಲೋ ಅದರಿ."

"ಇದಕ್ಕೂ ಒಬ್ಬ ಎಂ.ಆರ್. ಇದ್ದಿದ್ರ ನಿಮ್ಮ ಕಂಪನಿ ಬಂದ್ ಆಗ್ತಿತ್ತು. ಹೋಗಿ ಬರ್ರಿ."

ಅವರು ಒಂದು ಡಬ್ಬಿಯನ್ನೂ ಬರೆಯಲಿಲ್ಲ. ಆದರೂ ಹೋದಾಗಲೆಲ್ಲ ನನ್ನನ್ನು ಕೂರಿಸಿಕೊಂಡು ಮಾತಾಡಿದ ಡಾಕ್ಟರರು ಅವರೊಬ್ಬರೇ.

1997ರ ಬೇಸಿಗೆಯಲ್ಲಿ ಕಂಪನಿ ಪುಡಿಯ ಕೂಡಿಕೆ ಬದಲಾಯಿಸಿತು. ಮೊದಲು ಅದರಲ್ಲಿ ಹಾಲಿನಿಂದ ತೆಗೆದ ಪ್ರೋಟೀನ್ ಮತ್ತು ಸೋಯಾ ಇದ್ದವು. ಈಗ ತತ್ತಿಯ, ಎಂದರೆ ಕೋಳಿಮೊಟ್ಟೆಯ, ಬಿಳಿಭಾಗದ ಪುಡಿ ಸೇರಿತು. ಕಲಬುರ್ಗಿಯ ಮೀಟಿಂಗಿನಲ್ಲಿ ದೇಸಾಯಿ ಸಾಹೇಬರು ಇದನ್ನು ದೊಡ್ಡ ಸುಧಾರಣೆ ಎಂದು ಹೇಳಿದರು. ಪ್ರೋಟೀನಿನ ಗುಣದ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ನಾನು ಎದ್ದು ನಿಂತೆ.

"ಸಾಹೇಬ್ರ, ಕಲ್ಯಾಣದಾಗ ಡಬ್ಬಿ ತಗೊಳ್ಳೋ ಮನಿತನ ಅರ್ಧಕ್ಕರ್ಧ ತತ್ತಿ ಮುಟ್ಟಂಗಿಲ್ರಿ."

"ತತ್ತಿ ಅಂತ ಯಾವ ಹೇಳ್ದ? ಅಲ್ಬುಮಿನ್ ಅನ್ನು. ಡಬ್ಬಿ ಮ್ಯಾಲೂ ಅದಾ ಅದ."

ಹೌದು, ಡಬ್ಬಿಯ ಮೇಲೆ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಅಷ್ಟೇ ಇತ್ತು. ಆಗ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ, ಕಂದು ಚುಕ್ಕೆ ಇನ್ನೂ ಬಂದಿರಲಿಲ್ಲ. ನಾನು ಮರಳಿ ಬಂದು ನಾನು ತಿರುಗುವ ಲೈನಿನ ಅಂಗಡಿಗಳಿಗೆಲ್ಲ ಹೋಗಿ ಇರುವುದನ್ನು ಇರುವ ಹಾಗೆ ಹೇಳಿದೆ. ಬಸವಕಲ್ಯಾಣದ ಆ ಅಂಗಡಿಯ ಮಾಲೀಕರು, "ಕೇಳಿದವರಿಗೆ ಹೇಳ್ತೀವಿ ಬಿಡ್ರಿ" ಎಂದರು. ಅವರಲ್ಲಿ ಹಳೆಯ ಕೆಲಸಗಾರರಾಗಿದ್ದ ಇಸ್ಮಾಯಿಲ್ ಡಬ್ಬಿಗಳನ್ನು ಮೇಲಿನ ಹಲಗೆಗೆ ಏರಿಸಿಟ್ಟರು.

ಆ ಸೋಮವಾರ ಅಂಗಡಿಗೆ ಬಂದವರು ಶಿವರಾಜ. ಮನೆ ಬಸವಕಲ್ಯಾಣದಲ್ಲಿ, ಬೇಳೆ ಮಿಲ್ಲು ಹುಮನಾಬಾದಿನಲ್ಲಿ. ಅವರ ತಾಯಿ ಗುರುಬಸಮ್ಮನವರಿಗೆ ಸೊಲ್ಲಾಪುರದಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತು. ಮನೆಗೆ ಬಂದ ಮೇಲೆ ಊಟ ಸೇರುತ್ತಿರಲಿಲ್ಲ, ಹೊಲಿಗೆ ಕೂಡುತ್ತಿರಲಿಲ್ಲ, ಕಾಲು ಬಾತಿದ್ದವು. ಶಿವರಾಜರ ಕೈಯಲ್ಲಿ ರಕ್ತಪರೀಕ್ಷೆಯ ಚೀಟಿ ಇತ್ತು.

"ಇಸ್ಮಾಯಿಲ್ ಭಾಯಿ, ಅವ್ವನ ರಕ್ತದಾಗ ಅಲ್ಬುಮಿನ್ ಕಮ್ಮಿ ಅದಂತ. ಡಾಕ್ಟರ್ ಅಂದ್ರು. ಏನರ ತಾಕತ್ತಿಂದು ಕೊಡ್ರಿ" ಎಂದು ಹೇಳುತ್ತಲೇ ಅವರ ಕಣ್ಣು ಮೇಲಿನ ಹಲಗೆಗೆ ಹೋಯಿತು. "ಏ, ತೆಗೀರಿ ಅದನ್ನ ಒಂದೀಟು." ಇಸ್ಮಾಯಿಲ್ ಡಬ್ಬಿ ಇಳಿಸಿಕೊಟ್ಟರು. ಶಿವರಾಜ ಅದನ್ನು ತಿರುಗಿಸಿ, ಚೀಟಿಯ ಪಕ್ಕಕ್ಕೆ ಹಿಡಿದು, ಅಕ್ಷರ ಅಕ್ಷರವಾಗಿ ಓದಿದರು. "ಇಲ್ಲೇ ಅದಲ್ಲ! ಡಾಕ್ಟರ್ ಹೇಳಿದ್ದಾ ಇದು!"

ಇಂಗ್ಲಿಷಿನಲ್ಲಿ ರಕ್ತದ್ದು ಅಲ್ಬುಮಿನ್, ತತ್ತಿಯ ಬಿಳಿಭಾಗ ಅಲ್ಬುಮೆನ್, ಆ ಎರಡು ಮಾತುಗಳಿಗೆ ಒಂದೇ ಅಕ್ಷರದ ಫರಕು. ಕನ್ನಡದ ಬಾಯಲ್ಲಿ ಅದೂ ಇಲ್ಲ.

ನಾನು ಹೇಳಿದೆ: "ಸಾವ್ಕಾರ್ರ, ಆ ಅಲ್ಬುಮಿನ್ ಬ್ಯಾರೆ, ಈ ಅಲ್ಬುಮಿನ್ ಬ್ಯಾರೆ. ಅದು ನಮ್ಮ ರಕ್ತದಾಗ ಇರೋದು. ಇದು ತತ್ತಿಯೊಳಗಿನ ಬಿಳೀದರಿ."

ಅವರು ನಕ್ಕರು. "ಮಾರೋ ಮನುಷ್ಯಾ, ನೀನಾ ಬ್ಯಾಡ ಅಂತಿ?" ಆಮೇಲೆ ನಗು ಬಿಟ್ಟು ಇಸ್ಮಾಯಿಲರ ಕಡೆ ತಿರುಗಿದರು. "ಖರೇ ಏನ್ರಿ?"

"ಖರೇ ಸಾಬ್. ಅಂಡಾ ಅದ. ಸೋಯಾದ್ದು ತರಸ್ತೀನಿ. ಎರಡ ದಿನ ತಡೀರಿ."

"ಅಕಿ ಕಾಲು ನೋಡೀರೇನು ನೀವು? ಬೆರಳಿಟ್ಟರ ಕುಣಿ ಬೀಳ್ತದ. ಎರಡ ದಿನ ತಡೀಬೇಕಂತ!" ಅವರ ದನಿ ಏರಿತ್ತು. ಚೀಟಿ ಮಡಚಿ ಜೇಬಿಗಿಟ್ಟು, ಹಣ ಕೊಟ್ಟು ಡಬ್ಬಿ ಎತ್ತಿಕೊಂಡರು. "ಡಾಕ್ಟರ್ ಇದಾ ಹೆಸರು ಹೇಳ್ಯಾರ. ಡಾಕ್ಟರ್ ಹೇಳಿದ ಮ್ಯಾಲ ಇದು ಔಷಧ. ಔಷಧದಾಗ ತತ್ತಿ ಅಂತ ಬರಂಗಿಲ್ಲ."

"ಅವ್ವಾರಿಗೆ ಹೇಳ್ರಿ ಮತ್ತ" ಎಂದೆ.

"ಅವ್ವಗ ಹೇಳೋದು ನನ್ನ ಕೆಲಸ. ನಿಂದಲ್ಲ."

ಅಂಗಡಿಯಲ್ಲಿ ಆದದ್ದು ಇಷ್ಟು. ಇದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ. ಶಿವರಾಜ ಕೆಟ್ಟ ಮನುಷ್ಯರೆಂದು ನಾನು ಅಂದೂ ಅಂದುಕೊಳ್ಳಲಿಲ್ಲ. ತಾಯಿ ಉಳಿಯುವುದಿಲ್ಲ ಎಂಬ ಹೆದರಿಕೆ ಅವರ ಮುಖದಲ್ಲಿತ್ತು.

ಗುರುಬಸಮ್ಮನವರು ಉಳಿದರು. ಕಾಲಿನ ಬಾವು ಇಳಿಯಿತು, ಹೊಲಿಗೆ ಕೂಡಿತು. ಎಲ್ಲ ಪುಡಿಯಿಂದಲೇ ಎಂದು ನಾನು ಹೇಳಲಾರೆ. ಅಷ್ಟರಲ್ಲಿ ಜ್ವರ ಬಿಟ್ಟಿತ್ತು, ಗಂಜಿ ಸೇರತೊಡಗಿತ್ತು. ಆದರೆ ಅವರ ನಂಬಿಕೆ ಪುಡಿಯ ಮೇಲೆ ಕೂತಿತು.

ಅದು ನನಗೆ ತಿಳಿದದ್ದು ಇಸ್ಮಾಯಿಲರಿಂದ. "ಮಾರುತಿ ಭಾಯಿ, ಊರ ಹೆಂಗಸರೆಲ್ಲ ಬಂದು ಅಲ್ಲದ ಪುಡಿ ಕೊಡು, ಅಲ್ಲದ ಪುಡಿ ಕೊಡು ಅಂತಾರ. ಮೊದಲ ಇಬ್ಬರಿಗೆ ನಾ ಶುಂಠಿ ಪುಡಿ ಕೊಟ್ಟೆ. ಮಾರಿಗೆ ಉಗುಳೋದೊಂದು ಬಾಕಿ ಇತ್ತು."

ಅಲ್ಬುಮಿನ್ ಎಂಬ ಮಾತು ಗುರುಬಸಮ್ಮನವರ ಬಾಯಲ್ಲಿ ಅಲ್ಲವಾಗಿತ್ತು. ನಮ್ಮ ಕಡೆ ಹಸಿ ಶುಂಠಿಗೆ ಅಲ್ಲ ಎನ್ನುತ್ತೇವೆ. ಅವರು ನೋಡಲು ಬಂದವರಿಗೆಲ್ಲ, ಬಾಣಂತಿಯರ ಮನೆಯವರಿಗೆ, ಭಜನೆಯ ಹೆಂಗಸರಿಗೆ ಅಲ್ಲದ ಪುಡಿ ತಗೊಳ್ಳಿರಿ ಎಂದು ಹೇಳುತ್ತಿದ್ದರು. ಇಸ್ಮಾಯಿಲ್ ಒಬ್ಬೊಬ್ಬರಿಗೂ ಅಂಡಾ ಇದೆ ಎಂದು ಹೇಳಿ ನೋಡಿದರಂತೆ. "ಗುರುಬಸಮ್ಮ ತಗೋತಾರ. ಅವರಕಿಂತ ನೇಮದವರು ಯಾರದಾರ ಈ ಊರಾಗ? ನಿನಗೇನು ತಿಳೀತದ?" ಎಂದು ಅವರ ಬಾಯಿ ಮುಚ್ಚಿಸಿದ್ದರು.

"ನಾ ಹೇಳಿದ್ರ ಹಿಂಗ. ನೀ ಹೇಳಿದ್ರ ಏನಂತಾರ, ನಿನಗಾ ಗೊತ್ತು" ಎಂದರು ಇಸ್ಮಾಯಿಲ್.

ಗೊತ್ತಿತ್ತು. ತತ್ತಿ ನಮ್ಮ ಮನೆಯಲ್ಲಿ ದಿನನಿತ್ಯದ್ದು. ನನ್ನಂಥವನ ಕೈಯಿಂದ ಅದು ಅವರ ಅಡುಗೆಮನೆಗೆ ಹೋಯಿತು ಎಂದರೆ ಆ ಮಾತಿನ ತೂಕವೇ ಬೇರೆ. ಆ ತಿಂಗಳು ದೇಸಾಯಿ ಸಾಹೇಬರು ಫೋನಿನಲ್ಲಿ ಶಾಬಾಸ್ ಹೇಳಿದರು. ನನ್ನ ಲೈನಿನಲ್ಲಿ ಅಷ್ಟು ಮಾಲು ಎಂದೂ ಹೋಗಿರಲಿಲ್ಲ. ಫೋನ್ ಇಟ್ಟು ಖೋಲಿಗೆ ಬಂದು ಕೂತೆ. ಇದನ್ನು ಹೇಳಿಕೊಳ್ಳಲು ಹುಮನಾಬಾದಿನಲ್ಲಿ ನನಗೆ ಒಬ್ಬರೂ ಇರಲಿಲ್ಲ.

ಮರುದಿನ ಶಿವರಾಜರ ಮಿಲ್ಲಿಗೆ ಹೋದೆ. ತೊಗರಿಯ ಹೊಟ್ಟು ಗಾಳಿಯಲ್ಲಿ ಹಾರುತ್ತಿತ್ತು, ಯಂತ್ರದ ಸದ್ದಿಗೆ ಕೂಗಿ ಮಾತಾಡಬೇಕು. ಇದು ಕೂಗಿ ಆಡುವ ಮಾತಲ್ಲವಾದ್ದರಿಂದ ಕಿವಿಯ ಹತ್ತಿರ ಹೋಗಿ ಕೇಳಿದೆ.

"ಅವ್ವಾರಿಗೆ ಹೇಳೀರೇನ್ರಿ?"

"ಹೇಳ್ತೀನಿ. ದೀಪಾವಳಿ ಆಗಲಿ."

ದೀಪಾವಳಿ ಆಯಿತು. ಆಮೇಲೆ ಒಂದು ದಿನ ಗುರುಬಸಮ್ಮನವರೇ ಕಂಪನಿಯವನನ್ನು ನೋಡಬೇಕು ಎಂದು ಹೇಳಿ ಕಳಿಸಿದರು. ಡಬ್ಬಿ ಒಯ್ದು ಕೊಡಲು ಹೊರಟಿದ್ದ ಇಸ್ಮಾಯಿಲರ ಜತೆ ಹೋದೆ.

ಅವರು ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಸಣ್ಣ ಶರೀರ, ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ. ಸೊಸೆ ಮಹಾದೇವಿ ಚಹಾ ತಂದರು. ಅತ್ತೆಗೆ ಸ್ಟೀಲಿನ ಲೋಟ, ನಮ್ಮಿಬ್ಬರಿಗೆ ಗಾಜಿನದು. ದೂರೆಂದು ಬರೆಯುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ.

"ಬಾಪ್ಪಾ ಮಾರುತಿ. ನನ್ನ ಎಬ್ಬಿಸಿ ಕೂಡಿಸಿದವ ನೀನಾ ಅಲ್ಲ?"

"ನಾ ಅಲ್ರಿ ಅವ್ವಾರ."

"ನೋಡವ್ವ ಮಹಾದೇವಿ! ಮಾರೋದೂ ಅಲ್ಲ, ಅನ್ನೋದೂ ಅಲ್ಲ." ತಮ್ಮ ಮಾತಿಗೆ ತಾವೇ ನಕ್ಕರು. ಇಸ್ಮಾಯಿಲರೂ ನಕ್ಕರು. ಆಮೇಲೆ ಅವರು ಹೇಳಿದರು: "ಒಂದು ಕೇಳಬೇಕಾಗಿತ್ತಪ್ಪ. ನಾ ಏನು ತಗೊಂಡ್ರೂ ಮೊದಲ ಲಿಂಗಕ್ಕ ಕೊಟ್ಟು ತಗೋತೇನಿ. ಮಜ್ಜಿಗಿ ಇದ್ರ ಮಜ್ಜಿಗಿ, ರೊಟ್ಟಿ ಇದ್ರ ರೊಟ್ಟಿ. ಈ ಪುಡೀನೂ ಹಾಲಾಗ ಕಲಸಿ ಕೊಟ್ಟಾ ತಗೊಂಡೇನಿ. ಆದ್ರ ಕೊಡೋದು ಏನಂತ ಗೊತ್ತಿರಬೇಕಲ್ಲ? ಹೆಸರು ಅಲ್ಲ, ಅಲ್ಲದ ವಾಸನಿ ಇಲ್ಲ. ಏನೇನು ಹಾಕ್ತಾರ ಇದರಾಗ?"

ಬಾಗಿಲ ಬಳಿ ನಿಂತಿದ್ದ ಮಹಾದೇವಿ ನನ್ನನ್ನು ನೋಡಿದರು. ಬೇಡ ಎನ್ನುವ ನೋಟವೋ, ಹೇಳಿಬಿಡಿ ಎನ್ನುವ ನೋಟವೋ ನನಗೆ ತಿಳಿಯಲಿಲ್ಲ.

ಶಿವರಾಜರ ಕೆಲಸ ಅದು, ನಿಜ. ಆದರೆ ಕೇಳಿದವರು ಗುರುಬಸಮ್ಮನವರು, ಕೇಳಿದ್ದು ನನ್ನನ್ನು, ಕೇಳಿದ್ದು ತಮ್ಮ ಲಿಂಗಕ್ಕಾಗಿ.

"ಹಾಲಿಂದು ಅದರಿ. ಸೋಯಾ ಅಂತ ಒಂದು ಕಾಳು, ಅದರದು ಅದ. ತತ್ತಿಯೊಳಗಿನ ಬಿಳೀದೂ ಅದರಿ ಅವ್ವಾರ."

"ಕೋಳಿ ತತ್ತಿ?"

"ಹೌದ್ರಿ."

ಅವರು ಕೂಗಲಿಲ್ಲ, ಅಳಲಿಲ್ಲ. ಲೋಟವನ್ನು ಮಂಚದ ಕೆಳಗಿಟ್ಟರು. ಸೊಸೆಯ ಕಡೆ ತಿರುಗಿದರು.

"ನಿನಗ ಗೊತ್ತಿತ್ತೇನ?"

"ಹ್ಞೂಂ ಅತ್ತಿ. ಈ ಮಾರುತಿ ಅಣ್ಣಾರು ಅಂದಾ ಅಂಗಡ್ಯಾಗ ಹೇಳ್ಯಾರಂತ."

"ಯಾರ ಮುಂದ ಹೇಳ್ಯಾರ?" ಎಂದವರು, ಸೊಸೆ ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು. ನನ್ನನ್ನೂ ನೋಡಿದರು. "ಬ್ಯಾಡ. ಅದನ್ನ ನೀವು ಯಾರೂ ಹೇಳಬ್ಯಾಡ್ರಿ. ಹೇಳೋವ ಹೇಳಲಿ."

ಆಮೇಲೆ ತಾವು ಪುಡಿ ಹೇಳಿದ ಮನೆಗಳನ್ನು ಬೆರಳು ಮಡಚಿ ಎಣಿಸತೊಡಗಿದರು. ನಾವಿಬ್ಬರೂ ಎದ್ದು ಬಂದೆವು.

ಮುಂದಿನದನ್ನು ನಾನು ನೋಡಲಿಲ್ಲ. ಇಸ್ಮಾಯಿಲ್ ಓಣಿಯಲ್ಲಿ ನೋಡಿದ್ದಾರೆ, ಮಹಾದೇವಿ ಜತೆಗಿದ್ದರು. ಇನ್ನೂ ನೆಟ್ಟಗೆ ನಡೆಯಲಾಗದ ಆ ಹೆಂಗಸು ಸೊಸೆಯ ತೋಳು ಹಿಡಿದು ಮನೆ ಮನೆಗೆ ಹೋದರು. ಹೊಸ್ತಿಲಾಚೆ ನಿಂತು ಹೇಳಿದರು: "ಆ ಪುಡ್ಯಾಗ ತತ್ತಿ ಅದ. ಗೊತ್ತಿಲ್ಲದ ನಾ ತಗೊಂಡೆ, ಗೊತ್ತಿಲ್ಲದ ನಿಮಗೂ ಹೇಳಿದೆ. ಬ್ಯಾಡಾದವರು ಬಿಡ್ರಿ. ಬೇಕಾದವರು ಗೊತ್ತಿದ್ದು ತಗೋರಿ." ಕೆಲವರು ಬಾಗಿಲು ಹಾಕಿಕೊಂಡರು. ಬಾಣಂತಿ ಮಗಳು ಬಹಳ ಸೊರಗಿದ್ದ ಮನೆಯ ಒಬ್ಬಾಕೆ, "ನಾವು ಬಿಡಂಗಿಲ್ಲ ಅತ್ತಿ, ಹುಡುಗಿ ಈಗೀಗ ಎದ್ದು ಕುಂದ್ರಾಕತ್ತಾಳ" ಎಂದರಂತೆ. ಅವರಿಗೂ ಗುರುಬಸಮ್ಮ ಏನೂ ಅನ್ನಲಿಲ್ಲ. ಯಾವ ಮನೆಯಲ್ಲೂ ಅವರು ನನ್ನ ಹೆಸರು ಎತ್ತಲಿಲ್ಲ. ಮಗನ ಹೆಸರನ್ನೂ ಎತ್ತಲಿಲ್ಲ.

ಅದೇ ವಾರ ಶಿವರಾಜ ಬಜಾರಿನಲ್ಲಿ ಹೇಳತೊಡಗಿದರು: ಕಂಪನಿಯವ ಮುಚ್ಚಿಟ್ಟು ಕೊಟ್ಟ, ತಮಗೆ ಏನೂ ಗೊತ್ತಿರಲಿಲ್ಲ.

ಮಾಲೀಕರು ಡಬ್ಬಿಗಳನ್ನು ಕಟ್ಟಿ ಹಿಂದಕ್ಕೆ ಕೊಟ್ಟರು. ಇಬ್ಬರು ಡಾಕ್ಟರರು ನನ್ನ ಕಾರ್ಡು ಒಳಗೆ ತರಿಸಿಕೊಳ್ಳುವುದನ್ನು ಬಿಟ್ಟರು. ಬೆಂಚಿನ ಮೇಲೆ ಜನ ಈಗ ಸರಿದು ಕೂರುತ್ತಿದ್ದುದು ಜಾಗ ಕೊಡಲು ಅಲ್ಲ. ನನಗೆ ತತ್ತಿ ಮಾರುತಿ ಎಂದು ಹೆಸರು ಬಿತ್ತು, ಎದುರಿಗೂ ಕರೆದರು. ದೇಸಾಯಿ ಸಾಹೇಬರು ಕೇಳಿದ್ದು ಒಂದೇ: "ನಿನಗ ಹೇಳು ಅಂದವರ್ಯಾರು?"

ಇಸ್ಮಾಯಿಲ್ ಬಜಾರಿನಲ್ಲಿ ನಿಂತು ಇದ್ದದ್ದನ್ನು ಹೇಳುತ್ತೇನೆ ಎಂದರು. ನಾನೇ ಬೇಡ ಎಂದೆ. ಶಿವರಾಜರಿಗೆ ಗೊತ್ತಿತ್ತು ಎಂದು ನಾವು ಹೇಳಿದರೆ, ಮಗ ಹೇಳುವ ಮೊದಲೇ ಅದು ತಾಯಿಯ ಕಿವಿ ಸೇರುತ್ತದೆ. ಅವರು ಕಾಯುತ್ತಿದ್ದದ್ದು ಮಗನ ಬಾಯಿಗೆ. ನನ್ನ ಹೆಸರು ಉಳಿಸಿಕೊಳ್ಳಲು ಅದನ್ನು ಅವರಿಂದ ಕಸಿದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಹೀಗೆ ಅದೇ ಲೈನಿನಲ್ಲಿ, ಅದೇ ಬಸ್ಸುಗಳಲ್ಲಿ, ಮಾತಿಲ್ಲದೆ ವರ್ಷಗಟ್ಟಲೆ ತಿರುಗಿದೆ. ಕಲ್ಯಾಣಕ್ಕೆ ಹೋದ ದಿನ ಇಸ್ಮಾಯಿಲರ ಜತೆ ಕುಡಿಯುವ ಒಂದು ಚಹಾ, ಚಿಟಗುಪ್ಪದ ಡಾಕ್ಟರರ ಶೇಂಗಾ, ಆ ಕಾಲದಲ್ಲಿ ನನಗಿದ್ದ ಒಡನಾಟ ಅಷ್ಟೇ.

ಕೆಲಸದ ರೀತಿ ಮಾತ್ರ ಬದಲಾಗುತ್ತಲೇ ಹೋಯಿತು. ಡಬ್ಬಿಗಳ ಮೇಲೆ ಬಣ್ಣದ ಚುಕ್ಕೆ ಬಂತು. ಇಂಗ್ಲಿಷ್ ಬಾರದವರೂ ಮೊದಲು ಅದನ್ನೇ ನೋಡುವುದನ್ನು ಕಲಿತರು. ಸಕ್ಕರೆ ಕಾಯಿಲೆಯವರಿಗೆ ಒಂದು, ಬಸುರಿಯರಿಗೆ ಒಂದು, ಮುದುಕರಿಗೆ ಒಂದು ಎಂದು ಡಬ್ಬಿಗಳು ಬೇರೆ ಬೇರೆಯಾದವು. ಆಮೇಲೆ ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದ ಪುಡಿ ಬಂತು. ಮುಡಬಿಯಲ್ಲಿ ಒಬ್ಬಾಕೆಗೆ ಅದನ್ನು ವಿವರಿಸಿದಾಗ, "ಅಯ್ಯ, ಅದನ್ನ ನಾವು ಎಮ್ಮಿಗೆ ಹಾಕ್ತೇವಲ್ಲೋ ಯಪ್ಪಾ!" ಎಂದು ಓಣಿಯವರನ್ನೆಲ್ಲ ಕರೆದು ನಕ್ಕರು. ಹುಮನಾಬಾದಿನಲ್ಲಿ ಜಿಮ್ ತೆರೆದ ಮೇಲೆ ನಾವು ಡಾಕ್ಟರ ಬೆಂಚು ಬಿಟ್ಟು ಜಿಮ್ಮಿನ ಬಾಗಿಲಲ್ಲಿ ನಿಂತೆವು. ಅಲ್ಲಿ ಕೆಲವರು ತಾವಾಗಿಯೇ, "ತತ್ತೀದು ಅದ ಏನ್ರಿ?" ಎಂದು ಕೇಳುತ್ತಿದ್ದರು. ಹೊಸದಾಗಿ ಸೇರುವವರಿಗೆ ಹೇಳುವುದು ಇಷ್ಟೇ: ಜನ ಕೇಳಿ ತಗೊಳ್ಳಲಿ, ಕೇಳದೆ ತಗೊಳ್ಳಲಿ, ಒಳಗೆ ಏನಿದೆ ಎಂದು ಅವರ ಮನೆಯಲ್ಲಿ ಆ ವಸ್ತುವನ್ನು ಕರೆಯುವ ಮಾತಿನಲ್ಲೇ ಹೇಳಿ. ಕಂಪನಿಯ ಮಾತಿನಲ್ಲಿ ಬೇಡ.

ಗುರುಬಸಮ್ಮನವರು 2004ರಲ್ಲಿ ತೀರಿಕೊಂಡರು. ನಾನು ಮಣ್ಣಿಗೆ ಹೋಗಿದ್ದೆ, ದೂರ ನಿಂತಿದ್ದೆ.

ನಿವೃತ್ತಿಯ ಮೇಲೆ ಒಮ್ಮೆ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಮಹಾದೇವಿ ಸಿಕ್ಕರು. ಅವರೇ ಬಂದು ಮಾತಾಡಿಸಿದರು. ಎಷ್ಟೋ ವರ್ಷ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ.

"ಶಿವರಾಜರು ಅವ್ವಾರಿಗೆ ಹೇಳಿದ್ರೇನ್ರಿ, ಕಡೀಕರ?"

"ಇಲ್ಲ ಅಣ್ಣಾ. ಅತ್ತಿ ಕಾದ್ರು. ಊಟಕ್ಕ ಕುಂತಾಗ ದಿನಾ ಮಗನ ಮಾರಿ ನೋಡ್ತಿದ್ರು. ಇವರು ತಾಟು ನೋಡಿ ಉಣ್ಣೋರು." ಆಮೇಲೆ ಹೇಳಿದರು: "ನೀವು ಇದೆಲ್ಲ ಬರಿಯಾಕತ್ತೀರಂತ ಇಸ್ಮಾಯಿಲ್ ಕಾಕಾ ಅಂದ್ರು. ಬರೀರಿ. ನಾನೂ ಅಲ್ಲಿದ್ದೆ ಅಂತ ನನ್ನ ಹೆಸರೂ ಹಾಕ್ರಿ."

"ಮನ್ಯಾಗ ತ್ರಾಸ ಆಗ್ತದವ್ವ."

"ಮನ್ಯಾಗಿಂದು ನಾ ನೋಡ್ಕೋತೀನಿ. ಹಾಕ್ರಿ."

ಆದ್ದರಿಂದ ಹಾಕುತ್ತಿದ್ದೇನೆ. ಗುರುಬಸಮ್ಮನವರಿಗೆ ನಾನು ಹೇಳಿದ್ದನ್ನು ಕಂಡವರು ಮಹಾದೇವಿ ಮತ್ತು ಇಸ್ಮಾಯಿಲ್. ಮಹಾದೇವಿ ಬಸವಕಲ್ಯಾಣದ ಅದೇ ಮನೆಯಲ್ಲಿದ್ದಾರೆ. ಇಸ್ಮಾಯಿಲ್ ಹುಮನಾಬಾದಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಎಡಗಿವಿ ಕೇಳಿಸುವುದಿಲ್ಲ, ಬಲಗಡೆ ಕೂತು ಕೇಳಬೇಕು. ಅದಕ್ಕೆ ಮುಂಚೆ ಅಂಗಡಿಯಲ್ಲಿ ನನ್ನ ಮಾತು ಕೇಳಿದವರು ಇಬ್ಬರು. ಒಬ್ಬರು ಇದೇ ಇಸ್ಮಾಯಿಲ್. ಇನ್ನೊಬ್ಬರು ಶಿವರಾಜ. ಅವರೂ ಬದುಕಿದ್ದಾರೆ. ಈಗಲೂ ಹೇಳಬಹುದು.